ಹದಿನೆಂಟು ಸಾವಿರ ರೂಪಾಯಿ ಮತ್ತು ನೂರಾಹತ್ತು ರೊಟ್ಟಿ

ಪ್ರಶ್ನೆ: ಅಕ್ಕನವರೇ, ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹನ್ನೊಂದು ಹೆಣ್ಣುಮಕ್ಕಳಿದ್ದೇವೆ. ಸರಕಾರಿ ಆಸ್ಪತ್ರೆಯ ರೋಗಿಗಳ ಸೇವೆ ಮಾಡಬೇಕೆಂದು ಶ್ರಾವಣದಲ್ಲಿ ಸಂಕಲ್ಪ ಮಾಡಿ 18,000 ರೂಪಾಯಿ ಕೂಡಿಸಿದೆವು. ಸಂಕ್ರಾಂತಿ ಕಳೆದರೂ ದುಡ್ಡು ಡಬ್ಬಿಯಲ್ಲೇ ಇದೆ. ಒಂದು ದಿನ ಹುಗ್ಗಿ ಊಟ ಹಾಕೋಣ ಎಂದು ಕೆಲವರು, ಹೊದಿಕೆ ಹಂಚೋಣ ಎಂದು ಕೆಲವರು. ಕೊಡುವಾಗ ದೇವರ ಬಗ್ಗೆ ಎರಡು ಮಾತು ಹೇಳಬೇಕೆ ಎಂಬ ಚರ್ಚೆಯೂ ಮುಗಿದಿಲ್ಲ. ಏನು ಮಾಡೋಣ?
– ಭಜನಾ ಮಂಡಳಿಯ ಸದಸ್ಯೆ, ಕಲಬುರಗಿ

ಉತ್ತರ: ತಂಗಿ, 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದಾಗ ನಾವು ಕೆಲವರು ಮನೆಮನೆಯಿಂದ ಸೀರೆ ಕೂಡಿಸಿ, ಟೆಂಪೋ ತುಂಬಿಸಿಕೊಂಡು ಅಫಜಲಪುರದ ಕಡೆಯ ಒಂದು ಕಾಳಜಿ ಕೇಂದ್ರಕ್ಕೆ ಹೋದೆವು. ಶಾಲೆಯ ಜಗುಲಿಯ ಮೇಲೆ ಆಗಲೇ ಸೀರೆಗಳ ಗುಡ್ಡವಿತ್ತು. ಒಬ್ಬ ಹೆಣ್ಣುಮಗಳು ಹೊಸ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಸೀರೆಯಲ್ಲೇ ಕೂತಿದ್ದಳು. ಪಕ್ಕದಲ್ಲಿ ಕೂತು ವಿಚಾರಿಸಿದೆ. ಬಹಳ ಹೊತ್ತಿನ ಮೇಲೆ ನನ್ನ ಕಿವಿಯಲ್ಲಿ ಹೇಳಿದಳು: “ಒಳಗೆ ಉಡಲು ಲಂಗವಿಲ್ಲ, ಅಕ್ಕಾ.” ಅಷ್ಟು ಸೀರೆ ಕಳಿಸಿದ ನಾವೆಲ್ಲರೂ ಹೆಂಗಸರೇ. ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅದೇ ಸಂಜೆ ಅಂಗಡಿ ಹುಡುಕಿ ಲಂಗ, ಲಾಡಿ ಕೊಂಡು ಮರಳಿದೆವು.

ಆದ್ದರಿಂದ ಹುಗ್ಗಿಯೋ ಹೊದಿಕೆಯೋ ಎಂಬುದನ್ನು ನಿಮ್ಮ ಪಡಸಾಲೆಯಲ್ಲಿ ತೀರ್ಮಾನಿಸಬೇಡಿ. ನಿಮ್ಮಲ್ಲಿ ಇಬ್ಬರು ಆಸ್ಪತ್ರೆಗೆ ಹೋಗಿ ಒಂದು ಮಧ್ಯಾಹ್ನ ಸುಮ್ಮನೆ ಕೂತು ಬನ್ನಿ. ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು ನಾನು, ಕಂಡದ್ದನ್ನು ಹೇಳುತ್ತೇನೆ. ಒಳಗಿರುವ ರೋಗಿಗೆ ಊಟ ಆಸ್ಪತ್ರೆಯದೇ ಇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ಹುಗ್ಗಿ ಬಡಿಸಿದರೆ ಅದು ಸೇವೆಯಲ್ಲ, ಅಪಾಯ. ಹಸಿದವರು ಹೊರಗೆ ಬೇವಿನ ಮರದ ಕೆಳಗೆ ಇರುತ್ತಾರೆ: ಸುರಪುರ, ಚಿಂಚೋಳಿಯಿಂದ ರೋಗಿಯ ಜೊತೆ ಬಂದವರು. ಇದ್ದ ದುಡ್ಡನ್ನೆಲ್ಲ ಔಷಧಿಗೆ ಕಟ್ಟಿ, ತಾವು ಚಹಾದಲ್ಲೇ ದಿನ ಕಳೆಯುವವರು.

ಹನ್ನೊಂದು ಮನೆಯಿಂದ ತಲಾ ಹತ್ತು ಕಟಕ (ಗರಿಗರಿ ಒಣ) ರೊಟ್ಟಿ ಎಂದರೆ ನೂರಾಹತ್ತು. ಜೊತೆಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಕೆಡುವುದಿಲ್ಲ, ಚೆಲ್ಲುವುದಿಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡು ರಾತ್ರಿಯೂ ತಿನ್ನಬಹುದು. ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಕೊಟ್ಟು ಅನುಮತಿ ಪಡೆಯಿರಿ, ವಾರ್ಡಿನ ಒಳಗೆ ಹಂಚಬೇಡಿ. ದುಡ್ಡು ಬೇರೆಯದಕ್ಕೆ ಇರಲಿ. ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಆದರೆ ಊರಿಗೆ ಮರಳಲು ಟಿಕೆಟ್ಟಿಗೆ ಕಾಸಿಲ್ಲದೆ ನಿಂತ ಮುದುಕರನ್ನು ನೋಡಿದ್ದೇನೆ.

ಇನ್ನೊಂದು ಸೇವೆಗೆ ಖರ್ಚೇ ಇಲ್ಲ. ಗಂಡನ ಹಾಸಿಗೆಯ ಬಳಿ ಒಂಟಿಯಾಗಿರುವ ಹೆಂಗಸು ಮೂರು ದಿನ ಸ್ನಾನ ಮಾಡಿರುವುದಿಲ್ಲ. ಬಿಟ್ಟು ಹೋದರೆ ನೋಡುವವರು ಯಾರು? ಸಿಸ್ಟರ್‌ಗೆ ಹೇಳಿ ಅರ್ಧ ಗಂಟೆ ನೀವು ಅಲ್ಲಿ ಕೂತಿರಿ. ಅವಳು ಮಿಂದು ಬರಲಿ.

ದೇವರ ಮಾತಿನ ಬಗ್ಗೆ ನನ್ನ ಉತ್ತರ ಖಚಿತ: ಬೇಡ. ಹಸಿದವರು ಕೈ ಚಾಚಿ ನಿಂತಾಗ “ನಿಮ್ಮ ಮಾತು ಸಾಕು” ಎನ್ನಲಾರರು; ಅವರ ಆ ಸ್ಥಿತಿಯಲ್ಲಿ ನಮ್ಮ ಮಾತು ಕೇಳಿಸಬಾರದು. ಬೀದರಿನ ಸಿಖ್ಖರ ಗುರುದ್ವಾರ ಗುರುನಾನಕ ಝೀರಾದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಉಣಬಡಿಸುವಲ್ಲಿ, ನಾನು ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ. ಹೆಸರನ್ನೂ ಕೇಳಲಿಲ್ಲ, ಜಾತಿಯನ್ನೂ ಕೇಳಲಿಲ್ಲ. ಉಂಡ ಮೇಲೆ ತಟ್ಟೆ ತೊಳೆಯುವವರ ಸಾಲಿನಲ್ಲಿ ನಿಂತೆ; ಪಕ್ಕದವರು ಮಾತಿಲ್ಲದೆ ಸರಿದು ಜಾಗ ಕೊಟ್ಟರು. ನಮ್ಮ ಶರಣಬಸವೇಶ್ವರರೂ (1746–1822) ಅರಳಗುಂಡಗಿಯಲ್ಲಿ ಹೊಲ ಉಳುತ್ತಿದ್ದಾಗಲೇ ದಾಸೋಹ ಶುರು ಮಾಡಿದವರು. ನಿಮ್ಮ ಭಕ್ತಿ ರೊಟ್ಟಿ ಬಡಿಯುವಾಗ ಇರಲಿ, ಹಾಡಿಕೊಂಡೇ ಬಡಿಯಿರಿ. ಹಂಚುವಾಗ ಮೊಬೈಲ್ ಚೀಲದಲ್ಲಿರಲಿ.

ಬರುವ ಸೋಮವಾರವೇ ಹೋಗಿ. ನಾಲ್ಕು ಸೋಮವಾರ ಕಳೆದ ಮೇಲೆ ನನಗೆ ಬರೆಯಿರಿ: ರೊಟ್ಟಿ ಎಷ್ಟು ಸಾಲದಾಯಿತು, ಯಾರು ಏನು ಕೇಳಿದರು.