ಹೊಸೂರಿನ ಹುಡುಗ ಕುಲಪತಿಯಾದದ್ದು ಹೇಗೆ?

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಯಿಂದ ಬಂದು ಕುಲಪತಿಯಾದವರು ಇದ್ದಾರೆಯೇ ಎಂದು ಕೇಳಿದ್ದೀರಿ. ಇದ್ದರು: ಡಾ. ಎಚ್. ನರಸಿಂಹಯ್ಯ, ನಮ್ಮೆಲ್ಲರ ಎಚ್ಚೆನ್. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಕೈಯಲ್ಲಿ ಕಾಸಿಲ್ಲದೆ, ಓದಲು ಬೆಂಗಳೂರಿಗೆ ನಡೆದೇ ಬಂದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡು, 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿ ಸೇರಿದರು. ಆಮೇಲೆ ಅಮೆರಿಕದ ಓಹಿಯೋದಲ್ಲಿ ಪಿಎಚ್.ಡಿ., ಅದೇ ಕಾಲೇಜಿನಲ್ಲಿ ಪ್ರಾಂಶುಪಾಲ ಹುದ್ದೆ, ಎಪ್ಪತ್ತರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ರಚಿಸಿದ್ದೂ ಆ ಕುರ್ಚಿಯಲ್ಲಿ ಕುಳಿತೇ (ಇಂದು ಎಷ್ಟು ಮಂದಿಗೆ ಆ ಎದೆಗಾರಿಕೆ ಇದೆಯೋ!). ಖಾದಿ ಪಂಚೆ, ಜುಬ್ಬ, ತಲೆಯ ಮೇಲೊಂದು ಟೋಪಿ. ಮದುವೆಯಾಗಲಿಲ್ಲ, ಕಾಲೇಜು ಹಾಸ್ಟೆಲಿನ ಕೋಣೆಯೇ ಮನೆ. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜು ಬಂದದ್ದೂ ಅವರಿಂದಲೇ.