ಗಡಿ ಬಿಡಿ, ಮೊದಲು ಕಾಲುವೆ ನೋಡಿ: ರಾಯಚೂರಿನಿಂದ ಒಂದು ಉತ್ತರ

ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು ಕಡೆ ಅಂಗಡಿ ಬೋರ್ಡು ಕನ್ನಡದಲ್ಲಿರುತ್ತದೆ, ಒಳಗೆ ವ್ಯಾಪಾರ ತೆಲುಗಿನಲ್ಲಿ ನಡೆಯುತ್ತಿರುತ್ತದೆ. ಇದನ್ನು ನೋಡಿದ ಹೊರಗಿನವರು "ಗಡಿ ಜಿಲ್ಲೆ ಅಲ್ವಾ, ಅದಕ್ಕೇ" ಅಂದುಬಿಡುತ್ತಾರೆ. ಇಲ್ಲಿ ಇಷ್ಟು ತೆಲುಗು ಯಾಕೆ, ಜಿಲ್ಲೆಗೆ ಜನ ಬರುತ್ತಾರಾ ಹೋಗುತ್ತಾರಾ, ಅಂಕಿಅಂಶ ಏನಿದೆ ಅಂತ ಕೇಳಿದ ನೀವೂ ಹಾಗೇ ಅಂದುಕೊಂಡಿದ್ದೀರಿ. ಗಡಿ ಹತ್ತಿರ ಇರುವುದು ನಿಜ. ರಾಯಚೂರಿನಿಂದ ಉತ್ತರಕ್ಕೆ ಕೃಷ್ಣಾ ದಾಟಿದರೆ ತೆಲಂಗಾಣ, ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಆಂಧ್ರದ ಮಂತ್ರಾಲಯ. ಆದರೆ ಸಿಂಧನೂರಿನ ತೆಲುಗು ಈ ಗಡಿಯಿಂದ ಬಂದದ್ದಲ್ಲ. ಅದು ನೂರಾರು ಕಿಲೋಮೀಟರ್ ಆಚೆಯ ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಬಂತು. ಕರೆತಂದದ್ದು ತುಂಗಭದ್ರಾ ಎಡದಂಡೆ ಕಾಲುವೆ.

ಎರಡು ನದಿಗಳ ನಡುವೆ ಇದ್ದರೂ ನಮ್ಮದು ಒಣ ಸೀಮೆ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಅದೂ ನಂಬಿಕೆಯದ್ದಲ್ಲ. ಎರೆಭೂಮಿಯಲ್ಲಿ ಬಿಳಿಜೋಳ, ಹತ್ತಿ ಹಾಕಿ ಆಕಾಶ ನೋಡುತ್ತಿದ್ದರು. ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ 1945ರಲ್ಲಿ ಹೊಸಪೇಟೆ ಹತ್ತಿರ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರು ಮಾಡಿದವು. 1953ರ ಹೊತ್ತಿಗೆ ಅಣೆಕಟ್ಟಿನಲ್ಲಿ ನೀರು ಸಂಗ್ರಹವಾಯಿತು. ಎಡಗಡೆಯ ಕಾಲುವೆ 227 ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆ ಬರುತ್ತದೆ.

ನೀರು ಬಂತು. ಆದರೆ ಎರೆಹೊಲಕ್ಕೆ ಸುಮ್ನೆ ನೀರು ಬಿಟ್ಟರೆ ಭತ್ತ ಬೆಳೆಯುವುದಿಲ್ಲ. ನೆಲ ಸಮ ಮಾಡಬೇಕು, ಬದು ಹಾಕಬೇಕು, ಗದ್ದೆ ಕಟ್ಟಬೇಕು. ಅದಕ್ಕೆಲ್ಲ ದುಡ್ಡು ಬೇಕು, ಮಾಡಿ ಗೊತ್ತಿರಬೇಕು. ಜೋಳದ ರೈತನ ಹತ್ತಿರ ಎರಡೂ ಇರಲಿಲ್ಲ. ಕರಾವಳಿ ಆಂಧ್ರದವರ ಹತ್ತಿರ ಎರಡೂ ಇದ್ದವು. ಧವಳೇಶ್ವರಂನಲ್ಲಿ ಗೋದಾವರಿಗೆ ಆಣೆಕಟ್ಟು ಮುಗಿದದ್ದು 1852ರಲ್ಲಿ. ನಮಗಿಂತ ನೂರು ವರ್ಷ ಮೊದಲೇ ಅವರು ಕಾಲುವೆ ನೀರಿನ ಬೇಸಾಯ ಕಲಿತಿದ್ದರು. ಅಲ್ಲಿ ಜನ ಜಾಸ್ತಿ, ಜಮೀನು ಕಡಿಮೆ, ಬೆಲೆ ದುಬಾರಿ. ಅಲ್ಲಿ ಸ್ವಲ್ಪ ಮಾರಿದರೆ ಇಲ್ಲಿ ಎಷ್ಟೋ ಪಟ್ಟು ಸಿಗುತ್ತಿತ್ತು. ಹೀಗೆ ಕಾಲುವೆ ಉದ್ದಕ್ಕೂ ಅವರ ಊರುಗಳು ಎದ್ದವು. ನಾವು ಅವನ್ನು ಇವತ್ತಿಗೂ ಕ್ಯಾಂಪ್ ಅನ್ನುತ್ತೇವೆ. ಅಲ್ಲಿ ಮೂರನೇ ತಲೆಮಾರು ಬೆಳೆಯುತ್ತಿದೆ, ಹೆಸರು ಮಾತ್ರ ಬದಲಾಗಿಲ್ಲ.

ಇದರ ಬಗ್ಗೆ ನಮ್ಮಲ್ಲಿ ಎರಡು ಮಾತು ಕೇಳುತ್ತೀರಿ. 'ನಮ್ಮ ಭೂಮಿ ಹೊಡೆದುಕೊಂಡರು' ಅನ್ನುವವರಿದ್ದಾರೆ. 'ನಮಗೆ ಒಕ್ಕಲುತನ ಕಲಿಸಿದವರೇ ಅವರು' ಅನ್ನುವವರೂ ಇದ್ದಾರೆ. ಮಾರಿದ ಹೊಲದಲ್ಲೇ ಕೂಲಿಗೆ ನಿಂತ ಮನೆಗಳಿವೆ. ಪಕ್ಕದ ಕ್ಯಾಂಪ್ ನೋಡಿ ಭತ್ತ ಕಲಿತು, ಲೀಜಿಗೆ ಜಮೀನು ಹಿಡಿದು ಮೇಲೆ ಬಂದ ಮನೆಗಳೂ ಇವೆ. ನನ್ನ ಸಿಟ್ಟು ಬಂದವರ ಮೇಲಲ್ಲ. ನೀರು ಕೊಟ್ಟ ಸರ್ಕಾರ ಸ್ಥಳೀಯ ರೈತನಿಗೆ ಹೊಲ ಸಮ ಮಾಡಲು ಸಾಲವನ್ನೂ ಸಮಯವನ್ನೂ ಸಾಕಷ್ಟು ಕೊಡಲಿಲ್ಲ. ಬೆಲೆ ಕೂಡಿ ಬಂದಾಗ ಅವನು ಮಾರಿದ. ಅಷ್ಟೇ.

ಆಮೇಲೆ ಎಲ್ಲ ಬೇಗ ಬದಲಾಯಿತು. ರೊಟ್ಟಿ ಉಣ್ಣುತ್ತಿದ್ದ ಊರುಗಳಲ್ಲಿ ಅನ್ನ ಬಂತು. ಗಂಗಾವತಿ, ಕಾರಟಗಿ, ಸಿಂಧನೂರಿನಲ್ಲಿ ರೈಸ್ ಮಿಲ್ಲುಗಳು ಎದ್ದವು. ಸೋನಾ ಮಸೂರಿ ಊರೂರಿಗೆ ಹೋಯಿತು. ನಾಟಿ ಕಾಲಕ್ಕೆ ಮಳೆ ನಂಬಿದ ಊರುಗಳ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಕಾಲುವೆ ಊರುಗಳಿಗೆ ಬರತೊಡಗಿದರು. ಕ್ಯಾಂಪಿನ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮವರಿಗೂ ಗದ್ದೆ ಕೆಲಸದ ತೆಲುಗು ಬಂತು.

ಬಂದವರು ತೆಲುಗರು ಮಾತ್ರ ಅಲ್ಲ. ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪ್‌ಗಳು, ಅಂದರೆ ಪುನರ್ವಸತಿ ಊರುಗಳು, ಇವೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಕೇಂದ್ರ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಬರ್ಮಾದಿಂದ ವಾಪಸಾದವರಿಗೂ ಇಲ್ಲೇ ಜಾಗ ಸಿಕ್ಕಿತು. ರಾಯಚೂರು ಜಿಲ್ಲೆಯಲ್ಲಿ ದುರ್ಗಾ ಪೂಜೆ ಅಂದರೆ ಹೊರಗಿನವರು ನಗುತ್ತಾರೆ, ಬಂದು ನೋಡಲಿ. ಇಲ್ಲೇ ಹುಟ್ಟಿದ ಮಕ್ಕಳು ನಮ್ಮಂತೆಯೇ ಕನ್ನಡ ಮಾತಾಡುತ್ತಾರೆ. ಆದರೂ ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಅಲೆದವರಿದ್ದಾರೆ. ಕೆಲವರಿಗೆ 2024ರಲ್ಲಿ ಅದು ಸಿಕ್ಕಿತು.

ಈಗ ಇನ್ನೊಂದು ಕಡೆ ತಿರುಗೋಣ. ಅದೇ ಕಾಲುವೆಯ ಕೊನೆಗೆ ಹೋಗಿ. ಯೋಜನೆ ಮಾಡಿದವರ ಲೆಕ್ಕದಲ್ಲಿ ಎಡದಂಡೆಯ ಬಹುಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿದ್ದವು. ಮೇಲಿನ ಭಾಗದವರು ಭತ್ತಕ್ಕೆ ನಿಂತರು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಅಣೆಕಟ್ಟು ಈಗ ಸುಮಾರು 105 ಹಿಡಿಯುತ್ತದೆ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಟೇಲ್ ಎಂಡ್ ರೈತರು ನೀರು ಬಿಡಿ ಅಂತ ರಸ್ತೆಗೆ ಇಳಿಯುವುದು ವಾಡಿಕೆಯೇ ಆಗಿದೆ. ನೀರು ಕದಿಯದ ಹಾಗೆ ಕಾಲುವೆ ದಂಡೆಯಲ್ಲಿ ನಿಷೇಧಾಜ್ಞೆ ಹಾಕುವುದುಂಟು. ಮೇಲಿನವರ ಕಷ್ಟ ಬೇರೆ: ನೀರು ನಿಂತು ನಿಂತು ಎಷ್ಟೋ ಹೊಲ ಸವಳು-ಜವಳಾಗಿದೆ, ಅಂದರೆ ಉಪ್ಪೇರಿ ಜೌಗಾಗಿ ಕೆಟ್ಟಿದೆ.

ಕಾಲುವೆಯೇ ಮುಟ್ಟದ ಊರುಗಳ ಜನ ಗುಳೆ ಹೋಗುತ್ತಾರೆ. ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳು, ತಾಂಡಾಗಳಲ್ಲಿ ಇದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಕೆಲಸ ಇರುವುದಿಲ್ಲ. ಮೇಸ್ತ್ರಿ ಮುಂಗಡ ಕೊಡುತ್ತಾನೆ, ಆ ದುಡ್ಡು ಸಾಲಕ್ಕೋ ಮದುವೆಗೋ ಹೋಗಿರುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಪುಣೆಗೋ ಹೊರಡುತ್ತಾರೆ. ಚಿಕ್ಕ ಮಕ್ಕಳು ಜೊತೆಗೆ, ಶಾಲೆಗೆ ಹೋಗುವವರು ಅಜ್ಜಿ ಹತ್ತಿರ. ಮಳೆಗಾಲ ಹತ್ತಿರ ಬಂದಾಗ ವಾಪಸು. ಹಿಂದಿನವರು ಹೈದರಾಬಾದಿಗೆ ಹೋಗುತ್ತಿದ್ದರು. ಈಗ ಬೆಂಗಳೂರಿಗೆ ರಾತ್ರಿ ಬಸ್ಸು ಊರ ಹತ್ತಿರದಿಂದಲೇ ಇದೆ. ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟಿನ ಬಲದಂಡೆ ಕಾಲುವೆಯ ನೀರು ಬಂದ ಕಡೆ ಗುಳೆ ಕಡಿಮೆಯಾಗಿದೆ. ಬರದ ವರ್ಷ ಮತ್ತೆ ಜಾಸ್ತಿಯಾಗುತ್ತದೆ.

ಹಾಗಾಗಿ ನಮ್ಮ ಜಿಲ್ಲೆಗೆ ಜನ ಬರುತ್ತಾರಾ, ಇಲ್ಲಿಂದ ಹೋಗುತ್ತಾರಾ ಅಂತ ಕೇಳಿದರೆ ಎರಡೂ ಹೌದು. ಒಂದೇ ತಿಂಗಳಲ್ಲಿ ಕಾರಟಗಿಯ ಮಿಲ್ಲಿಗೆ ಬಿಹಾರದ ಹುಡುಗರು ಬಂದಿಳಿಯುತ್ತಾರೆ, ದೇವದುರ್ಗದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಾರಟಗಿ ಈಗ ಕೊಪ್ಪಳ ಜಿಲ್ಲೆ ಬಿಡಿ, 1997ರವರೆಗೆ ನಮ್ಮದೇ ಆಗಿತ್ತು. ಇಲ್ಲಿನ ಹುಡುಗರು ಆ ಮಿಲ್ಲಿಗೆ ಯಾಕೆ ಹೋಗುವುದಿಲ್ಲ ಅಂತ ಕೇಳಬಹುದು. ಗಾರೆ ಕೆಲಸಕ್ಕೆ ಸಿಗುವ ದಿನಗೂಲಿ ಜಾಸ್ತಿ. ಜೊತೆಗೆ ಊರಿನವರು ಇರುವ ಕಡೆಗೇ ಊರಿನವರು ಹೋಗುತ್ತಾರೆ. ಮೊದಲು ಹೋದವನೇ ಮುಂದಿನವನಿಗೆ ಜಾಗ ತೋರಿಸುತ್ತಾನೆ.

ನೀವು ಅಂಕಿಅಂಶ ಕೇಳಿದ್ದಿರಿ. 2011ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 19.3 ಲಕ್ಷ, ಹತ್ತು ವರ್ಷ ಮೊದಲು 16.7 ಲಕ್ಷ ಇತ್ತು. ಸಾಕ್ಷರತೆ ಸುಮಾರು 60 ಶೇಕಡಾ, ಆಗ ರಾಜ್ಯದ್ದು 75. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ. ಆದರೆ ಆ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಗುಳೆ ಹೋದವರು ಊರಲ್ಲಿ ಇಲ್ಲದ ತಿಂಗಳು ಅದು. ಅಷ್ಟೂ ದಿನ ಹೊರಗಿದ್ದವರನ್ನು ಊರಿನ ಮನೆಯಲ್ಲಿ ಎಣಿಸುವಂತಿಲ್ಲ. ಅವರಿರುವ ಶೆಡ್ಡಿಗೆ ಗಣತಿಯವರು ಹೋದರೆ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾರೆ, ಹೋಗದಿದ್ದರೆ ಎಲ್ಲೂ ಇಲ್ಲ. ಮುಂದಿನ ಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಎಣಿಕೆ ಮತ್ತೆ ಫೆಬ್ರುವರಿಯಲ್ಲೇ ಬೀಳುತ್ತದೆ. ಆ ಅಂಕಿ ಬಂದಾಗ ಸಿಂಧನೂರು ಮತ್ತು ದೇವದುರ್ಗವನ್ನು ಬೇರೆ ಬೇರೆ ಇಟ್ಟು ನೋಡಿ, ಜಿಲ್ಲೆಯ ಸರಾಸರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.