ನೆಲ ನಿಜವಾಗಿಯೂ ಡೊಂಕಿದ್ದರೆ?

ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ: "ಹದಿನಾಲ್ಕು ತಿಂಗಳ ಹಿಂದೆ ತೂಕ ಇಳಿಸುವ ಕಾರ್ಯಕ್ರಮವೊಂದಕ್ಕೆ ಸೇರಿದೆ. ಮೊದಲ ನಾಲ್ಕು ತಿಂಗಳಲ್ಲಿ 84.6ರಿಂದ 76.2 ಕೆಜಿಗೆ ಇಳಿದೆ. ಆಮೇಲೆ ಎಂಟು ತಿಂಗಳು ಅಂಕಿ ಅಲ್ಲಾಡಲಿಲ್ಲ. ಈಗ ಎರಡು ತಿಂಗಳಿಂದ ಮೇಲಕ್ಕೆ ಹತ್ತುತ್ತಿದೆ. ನಿನ್ನೆ 77.9. ನಾನು ಏನನ್ನೂ ಬದಲಿಸಿಲ್ಲ. ಕೋಚ್ 'ನೀವು ಎಲ್ಲೋ ಲೆಕ್ಕ ತಪ್ಪಿಸುತ್ತಿದ್ದೀರಿ' ಅನ್ನುತ್ತಾರೆ. ನಮ್ಮ ಮನೆಯವರು 'ಎರಡು ವರ್ಷದ ದುಡ್ಡು ಕಟ್ಟಿದ್ದೀವಿ, ಮುಗಿಸಿಬಿಡು' ಅನ್ನುತ್ತಾರೆ. ಬಿಟ್ಟುಬಿಡೋಣ ಅನ್ನಿಸುತ್ತಿದೆ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗುತ್ತದೇನೋ ಎಂಬ ಭಯ. ನೀವೇನು ಹೇಳುತ್ತೀರಿ?"

ಬಿಟ್ಟುಬಿಡಿ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನೀವು ಆ ಗಾದೆಯನ್ನು ತಂದು ನನ್ನ ಮೇಜಿನ ಮೇಲೆ ಇಟ್ಟಿರಿ. ಅದಕ್ಕೇ ಈ ಸಲ ಪುಟ ಪೂರ್ತಿ ನಿಮಗೆ.

ಆ ಗಾದೆಯ ಮೇಲೆ ನನಗೆ ಹಳೇ ಸಿಟ್ಟು. ಅವಳು ನೆಲ ಡೊಂಕು ಅಂದಳು, ಸರಿ. ಯಾರಾದರೂ ಬಗ್ಗಿ ನೆಲ ನೋಡಿದರಾ? ಒಂದು ಗೋಲಿ ಇಟ್ಟು ಉರುಳುತ್ತದಾ ಅಂತ ಪರೀಕ್ಷಿಸಿದರಾ? ಇಲ್ಲ. ಎಲ್ಲರೂ ಸೇರಿ ನಕ್ಕರು, ತಪ್ಪನ್ನು ಅವಳ ಕಾಲಿಗೆ ಕಟ್ಟಿದರು. ನಿಮ್ಮ ಕೋಚ್ ಮಾಡಿದ್ದೂ ಅದನ್ನೇ, ಅಲ್ವಾ?

ನಾವಾದರೂ ನೆಲ ನೋಡೋಣ. ಶುರುವಿನ ಒಂದೆರಡು ವಾರ ಇಳಿಯುವುದರಲ್ಲಿ ನೀರಿನ ಪಾಲೇ ಜಾಸ್ತಿ. ದೇಹ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜೆನ್, ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ, ಕೋಚ್ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ದೇಹ ಚಿಕ್ಕದಾದಷ್ಟೂ ಅದಕ್ಕೆ ಬೇಕಾದ ಕ್ಯಾಲೊರಿಯೂ ಕಡಿಮೆಯಾಗುತ್ತದೆ. ಮೊದಲ ತಿಂಗಳಲ್ಲಿ ನಿಮ್ಮನ್ನು ಇಳಿಸಿದ ಊಟವೇ ಐದನೇ ತಿಂಗಳಲ್ಲಿ ಸರಿಸಮ ಆಗಿಬಿಡುತ್ತದೆ. ಸಾಲದು ಅಂತ ಹಸಿವು ತಣಿಸುವ ಲೆಪ್ಟಿನ್ ಇಳಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ. ಮೆಲ್ಬರ್ನ್‌ನ ಸಂಶೋಧಕರು 50 ಜನರನ್ನು ಹತ್ತು ವಾರ ಬಿಗಿ ಪಥ್ಯದಲ್ಲಿಟ್ಟು, ವರ್ಷ ಕಳೆದ ಮೇಲೆ ಮತ್ತೆ ರಕ್ತ ಪರೀಕ್ಷಿಸಿ, 2011ರಲ್ಲಿ ವರದಿ ಪ್ರಕಟಿಸಿದರು. ಅಷ್ಟು ದಿನವಾದರೂ ಆ ಹಾರ್ಮೋನುಗಳು ಹಳೇ ಮಟ್ಟಕ್ಕೆ ಮರಳಿರಲಿಲ್ಲ. ನೀವು ಏನನ್ನೂ ಬದಲಿಸದೆ ಕೂತಿದ್ದಾಗ ಒಳಗೆ ಲೆಕ್ಕವೇ ಬೇರೆಯಾಗಿತ್ತು. ಜನ ತಿಂದದ್ದನ್ನು ಕಡಿಮೆ ಬರೆಯುತ್ತಾರೆ ಅನ್ನುವುದೂ ಸುಳ್ಳಲ್ಲ, ನಾನೂ ಬರೆದವನೇ. ಆದರೆ ಎಂಟು ತಿಂಗಳು ಅಂಕಿ ನಿಂತರೆ ಮೊದಲ ಅನುಮಾನ ನೀವು ಊಟ ಬರೆದಿಟ್ಟ ಪುಸ್ತಕದ ಮೇಲೆ ಯಾಕೆ ಬರಬೇಕು?

ಇಂಥ ಕಾರ್ಯಕ್ರಮಗಳಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಾ ಬಂದಿದ್ದಾರೆ. 13.6 ಕೆಜಿಗಿಂತ ಕಡಿಮೆ ಇಳಿಸಿದವರಿಗೆ ಅದರಲ್ಲಿ ಜಾಗ ಇಲ್ಲ. ಇಳಿಸಿದ್ದನ್ನು ವರ್ಷವಾದರೂ ಕಾಪಾಡಿಕೊಂಡಿರಬೇಕು. ಹಾಗಿದ್ದೂ 10,000ಕ್ಕೂ ಹೆಚ್ಚು ಜನ ಅದರಲ್ಲಿದ್ದಾರೆ. ಅವರಿಗೆ ನಮಸ್ಕಾರ. ಮುಂದೆ ಹೋಗೋಣ.

ನಿಮಗೆ 'ಮೊದಲು' ಮತ್ತು 'ನಂತರ' ಫೋಟೋಗಳು ಗೊತ್ತು. ಮೂರನೇ ಫೋಟೋ ಎಲ್ಲಾದರೂ ನೋಡಿದ್ದೀರಾ? ಆರು ವರ್ಷದ ಮೇಲಿನದ್ದು? ಅಮೆರಿಕದ ಕೆವಿನ್ ಹಾಲ್ ಎಂಬ ವಿಜ್ಞಾನಿ ಒಂದು ರೀತಿಯಲ್ಲಿ ಅದನ್ನೇ ತೆಗೆದರು. ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿದ್ದ 14 ಜನರನ್ನು ಆರು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಅದು ಪ್ರಕಟವಾದದ್ದು 2016ರಲ್ಲಿ. ಸ್ಪರ್ಧೆಯಲ್ಲಿ ಸರಾಸರಿ 58 ಕೆಜಿ ಇಳಿಸಿದ್ದವರಿಗೆ 41 ಕೆಜಿ ವಾಪಸ್ ಬಂದಿತ್ತು. ಸುಮ್ನೆ ಕೂತಾಗ ಅವರ ದೇಹ ಸುಡುತ್ತಿದ್ದ ಶಕ್ತಿ, ಆ ಗಾತ್ರದವರಿಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಕ್ಯಾಮೆರಾ ಎದುರು ಬೆವರು ಸುರಿಸಿದವರು ಅವರು. ಅವರಿಗೂ ಛಲ ಇರಲಿಲ್ಲ ಅನ್ನೋಣವಾ?

ಇನ್ನು ದುಡ್ಡಿನ ವಿಷಯ. ಇದನ್ನು ನಿಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಕಟ್ಟಿದ ದುಡ್ಡು ಇದ್ದರೂ ಹೋಯಿತು, ಬಿಟ್ಟರೂ ಹೋಯಿತು. ಕೈಯಲ್ಲಿ ಉಳಿದಿರುವುದು ಹತ್ತು ತಿಂಗಳು. ಅದನ್ನೂ ಯಾಕೆ ಅದರ ಹಿಂದೆ ಕಳಿಸಬೇಕು? ಜಿಮ್ ಸದಸ್ಯರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಜನ ಕೊನೇ ಸಲ ಜಿಮ್‌ಗೆ ಹೋದ ದಿನಕ್ಕೂ ಸದಸ್ಯತ್ವ ರದ್ದು ಮಾಡಿದ ದಿನಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಜಾಸ್ತಿ ಅಂತರ. ಅಷ್ಟು ದಿನವೂ ದುಡ್ಡು ಕಟ್ಟುತ್ತಲೇ ಇದ್ದರು.

ಎರಡು ತಿಂಗಳು ಏನು ಮಹಾ! ನಾನು ಐದು ತಿಂಗಳು ತೆಗೆದುಕೊಂಡೆ. ನಾನೂ ಇಂಥದ್ದೊಂದಕ್ಕೆ ಸೇರಿದ್ದೆ. ತೂಕ ನೋಡುವ ದಿನ ಮೊದಲು ವಾಚು ಬಿಚ್ಚುತ್ತಿದ್ದೆ. ಆಮೇಲೆ ಬೆಲ್ಟು, ಜೇಬಿನ ಚಿಲ್ಲರೆ, ಕೊನೆಗೆ ಕನ್ನಡಕ. ಉಸಿರು ಪೂರ್ತಿ ಬಿಟ್ಟು ಯಂತ್ರ ಹತ್ತುತ್ತಿದ್ದೆ. ಕನ್ನಡಕ ಇಲ್ಲದೆ ಅಂಕಿ ಕಾಣುತ್ತಿರಲಿಲ್ಲ. ರಿಜಿಸ್ಟರ್ ಹಿಡಿದು ನಿಂತ ಹುಡುಗಿಯನ್ನೇ "ಎಷ್ಟಮ್ಮಾ?" ಅಂತ ಕೇಳಬೇಕು. ಇಳಿದಿದ್ದರೆ ಅವಳು ಹಸಿರು ಪೆನ್ನು ತೆಗೆಯುತ್ತಿದ್ದಳು, ಏರಿದ್ದರೆ ಕೆಂಪು. ಬರಬರುತ್ತಾ ನಾನು ಅಂಕಿ ಕೇಳುವುದನ್ನೇ ಬಿಟ್ಟೆ, ಅವಳ ಕೈ ಯಾವ ಪೆನ್ನಿಗೆ ಹೋಗುತ್ತದೆ ಅಂತಷ್ಟೇ ನೋಡುತ್ತಿದ್ದೆ. ಆಮೇಲೆ ಹೋಗುವುದನ್ನೂ ಬಿಟ್ಟೆ. ದುಡ್ಡು ಮಾತ್ರ ತಿಂಗಳು ತಿಂಗಳು ಖಾತೆಯಿಂದ ಹೋಗುತ್ತಿತ್ತು. ಕೊನೆಗೊಂದು ದಿನ ಧೈರ್ಯ ಮಾಡಿ ಫೋನ್ ಮಾಡಿದರೆ ಕರೆ ಮೂರು ಜನರ ಕೈ ದಾಟಿತು. ಮೂರನೆಯವರು "ಸರ್, ಛಲ ಬಿಡಬಾರದು" ಅಂದರು. ನಾಚಿಕೆಯಾಗಿ ಇನ್ನೊಂದು ತಿಂಗಳು ಕಟ್ಟಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಈ ಛಲದ ಉಪದೇಶ ಗಿರಾಕಿಗೆ ಮಾತ್ರ, ಗಮನಿಸಿದ್ದೀರಾ? ತೂಕ ಇಳಿಸುವ ಕಾರ್ಯಕ್ರಮ ನಡೆಸುವ ವೇಟ್ ವಾಚರ್ಸ್ ಕಥೆ ನೋಡಿ. ಜೀನ್ ನೈಡೆಚ್ ಎಂಬ ನ್ಯೂಯಾರ್ಕಿನ ಗೃಹಿಣಿ ಗೆಳತಿಯರನ್ನು ಮನೆಗೆ ಕರೆದು ಮಾತಾಡುತ್ತಾ ಶುರು ಮಾಡಿದ್ದು, 1963ರಲ್ಲಿ ಕಂಪನಿಯಾಯಿತು. ಅಭ್ಯಾಸ ಬದಲಿಸಿಕೊಳ್ಳಿ, ತಿಂದದ್ದನ್ನು ಲೆಕ್ಕ ಇಡಿ ಎಂದು ದಶಕಗಟ್ಟಲೆ ಹೇಳಿತು. 2023ರಲ್ಲಿ ಅದೇ ಕಂಪನಿ, ತೂಕ ಇಳಿಸುವ ಔಷಧಿ ಬರೆದುಕೊಡುವ ಸಂಸ್ಥೆಯೊಂದನ್ನು ಕೊಂಡಿತು. 2025ರ ಮೇ ತಿಂಗಳಲ್ಲಿ ದಿವಾಳಿ ಕಾನೂನಿನ ಆಶ್ರಯಕ್ಕೆ ಹೋಗಿ ತನ್ನ ಸಾಲದ ತೂಕ ಇಳಿಸಿಕೊಂಡಿತು. ಇದನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಹಳೇ ದಾರಿ ನಡೆಯದಾದಾಗ ಅವರು ಬೇರೆ ದಾರಿ ಹಿಡಿದರು. ಅದಕ್ಕೆ ಜಾಣತನ ಅಂತ ಹೆಸರು. ನೀವು ಹಿಡಿದರೆ ಸೋಲು!

ಎಲ್ಲ ಕಡೆಯೂ ಇದೇ ಪಾಠ. ಟ್ಯೂಷನ್ ಹುಡುಗ ಪಾಸಾದರೆ ಕ್ಲಾಸಿನ ಹೆಸರು, ಫೇಲಾದರೆ ಹುಡುಗನಿಗೆ ತಲೆ ಇಲ್ಲ. ಮೂವತ್ತು ದಿನದಲ್ಲಿ ಭಾಷೆ ಕಲಿಸುತ್ತೇವೆ ಅನ್ನುವವರೂ ಅಷ್ಟೇ, ಕೂದಲು ಬೆಳೆಸುತ್ತೇವೆ ಅನ್ನುವವರೂ ಅಷ್ಟೇ. ದೂರ ಯಾಕೆ, ನಮ್ಮ ಪತ್ರಿಕೆಯಲ್ಲೇ ಆ 'ಮೊದಲು-ನಂತರ' ಜಾಹೀರಾತು ಎಷ್ಟು ಸಲ ಬಂದಿಲ್ಲ! ಒಮ್ಮೆ ಬೇಡ ಅಂದು ನೋಡಿದೆ. ಜಾಹೀರಾತು ವಿಭಾಗದವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ನಕ್ಕರು. ಆ ತಿಂಗಳೂ ಅಚ್ಚಾಯಿತು.

ಇನ್ನು ನಿಮ್ಮನ್ನು ಸ್ವಲ್ಪ ಬೈಯಬೇಕು. ನಿಮ್ಮ ಪೂರ್ತಿ ಪತ್ರದಲ್ಲಿ ಹನ್ನೊಂದು ಕಡೆ ತೂಕ ಇದೆ. ಎಲ್ಲ ಕಡೆಯೂ ಚುಕ್ಕಿಯ ನಂತರದ ಅಂಕಿಯೊಂದಿಗೆ. ಒಂದೇ ಒಂದು ಕಡೆ, ಅದೂ ಕಂಸದಲ್ಲಿ, "ಮೆಟ್ಟಿಲು ಹತ್ತುವಾಗ ಮೊಣಕಾಲು ಮೊದಲಿನ ಹಾಗೆ ನೋಯುವುದಿಲ್ಲ" ಅಂತ ಬರೆದಿದ್ದೀರಿ. ಪತ್ರ ಸಂಕ್ಷೇಪಿಸುವಾಗ ನಾನೂ ಅದನ್ನು ಕತ್ತರಿಸಿಬಿಟ್ಟಿದ್ದೆ, ಕ್ಷಮಿಸಿ. ಇದನ್ನಲ್ಲವೇ ಮೊದಲು ಬರೆಯಬೇಕಾದ್ದು? 84.6ರಿಂದ 77.9 ಅಂದರೆ ಈಗಲೂ ಶೇಕಡಾ 7ಕ್ಕಿಂತ ಜಾಸ್ತಿ ಕೆಳಗಿದ್ದೀರಿ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಇಟ್ಟ ಗುರಿ ಇಷ್ಟೇ: ಶೇಕಡಾ 7 ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಪೊಳ್ಳು ಮಾತ್ರೆ ಕೊಟ್ಟ ಗುಂಪಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ನೀವು ನಿಂತಿರುವುದು ಅಂಥ ಜಾಗದಲ್ಲಿ. ನಿಮ್ಮ ಕೋಚ್ ಇದನ್ನು ಹೇಳಲಿಲ್ಲ.

ಹಾಗಾಗಿ ಬಿಡುವಾಗ ಎಲ್ಲವನ್ನೂ ಬಿಡಬೇಡಿ. ನಡಿಗೆ ಇರಲಿ. ಏನೂ ಬದಲಿಸದೆ ತೂಕ ಏರುತ್ತಿದ್ದರೆ ಡಾಕ್ಟರಿಗೆ ಹೇಳಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬೇರೆ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತೋರಿಸಿ. ಕೆಲವು ಮಾತ್ರೆಗಳು ತೂಕ ಏರಿಸುತ್ತವೆ. ಕಾರ್ಯಕ್ರಮದವರಿಗೆ ಫೋನ್ ಮಾಡಬೇಡಿ, ಎರಡು ಸಾಲು ಬರೆದು ಕಳಿಸಿ. ಕಾರಣ ಕೊಡಬೇಕಿಲ್ಲ. ಕೊಟ್ಟರೆ ಮೂರನೆಯವರು ಛಲದ ಮಾತು ತೆಗೆಯುತ್ತಾರೆ.

ಮೂರು ತಿಂಗಳು ಬಿಟ್ಟು ನನಗೆ ಇನ್ನೊಂದು ಪತ್ರ ಹಾಕಿ. ಮೊಣಕಾಲು ಹೇಗಿದೆ, ನಿದ್ದೆ ಹೇಗೆ ಬರುತ್ತಿದೆ, ಎಷ್ಟು ದೂರ ನಡೆಯುತ್ತಿದ್ದೀರಿ, ಇವನ್ನೆಲ್ಲ ಬರೆಯಿರಿ. ತೂಕವನ್ನೂ ಬರೆಯಲೇಬೇಕು ಅನ್ನಿಸಿದರೆ ಕಂಸದಲ್ಲಿ ಹಾಕಿ.

- ಸಂ.